ಗುಳಿಗೆ ಒಂದೇ, ಗಡಿ ದಾಟಿದರೆ ದರ ಬೇರೆ

ಸಂಜೆ ಆರರ ಹೊತ್ತು. ದುರ್ಗಿಗುಡಿಯ ಒಂದು ಮೆಡಿಕಲ್ ಸ್ಟೋರ್. ಡಾಕ್ಟರ ಚೀಟಿ ಹಿಡಿದವರು ಮೆಟ್ಟಿಲವರೆಗೂ ನಿಂತಿದ್ದಾರೆ. ಸಾಗರದ ಬಸ್ಸು ತಪ್ಪೀತು ಎಂದು ಒಬ್ಬರ ಅವಸರ, ಮಗು ಅಳುತ್ತಿದೆ ಎಂದು ಇನ್ನೊಬ್ಬರ ಅವಸರ. ಈ ಗಲಾಟೆಯ ನಡುವೆ ರಿಟೈರಾದ ಮೇಷ್ಟ್ರೊಬ್ಬರು ಕೈಚೀಲದಿಂದ ಉದ್ದನೆಯ ಪಟ್ಟಿ ತೆಗೆದು ಕೌಂಟರ್ ಮೇಲಿಟ್ಟರು. ಬಿ.ಪಿ. ಮಾತ್ರೆ ಹತ್ತು ಪಟ್ಟಿ, ಆಸಿಡಿಟಿ ಮಾತ್ರೆ ಹತ್ತು ಪಟ್ಟಿ, ಉಬ್ಬಸಕ್ಕೆ ಎಳೆಯುವ ಇನ್‌ಹೇಲರ್ ಮೂರು.

"ಏನ್ ಮೇಷ್ಟ್ರೇ, ನೀವೂ ಅಂಗಡಿ ಇಡ್ತೀರಾ ಹೇಗೆ?" ಅಂದ ಅಂಗಡಿಯ ಹುಡುಗ.

"ಅಂಗಡಿ ಅಲ್ಲ ಮಾರಾಯ. ಮಗ ಬಂದಿದಾನೆ. ಶುಕ್ರವಾರ ವಾಪಸ್ ಹೊರಡ್ತಾನೆ. ಅಲ್ಲಿ ಇದನ್ನೆಲ್ಲ ತಗೊಳ್ಳೋದು ಕಷ್ಟವಂತೆ."

"ಅಲ್ಲಿ" ಅಂದರೆ ಅಮೆರಿಕದ ನ್ಯೂಜೆರ್ಸಿ. ಮಗನಿಗೆ ಒಳ್ಳೆಯ ಕೆಲಸ, ದೊಡ್ಡ ಸಂಬಳ, ಮನೆ ಮುಂದೆ ಎರಡು ಕಾರು. ಆದರೂ ಮಗ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳದ ಜೊತೆಗೆ ಶಿವಮೊಗ್ಗದ ಮೆಡಿಕಲ್ ಸ್ಟೋರಿನ ಗುಳಿಗೆಯನ್ನೂ ಸೂಟ್‌ಕೇಸಿಗೆ ತುಂಬಿಕೊಂಡು ಹೋಗಬೇಕು! ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಲ್ಲಿ ಈ ಸಂಗತಿ ಹೊಸದೇನಲ್ಲ. ಹೊರಗಿನವರಿಗೆ ಮಾತ್ರ ಆಶ್ಚರ್ಯ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದಲ್ಲಿ ಉಬ್ಬಸದ ಮದ್ದಿಗೆ ಬರವೇ?

ಬರ ಇಲ್ಲ ಸ್ವಾಮಿ. ಮದ್ದು ಧಾರಾಳವಾಗಿದೆ. ದರ ಕೇಳಿದರೆ ಇರುವ ಉಸಿರೂ ನಿಲ್ಲುತ್ತದೆ. ದಿನವೂ ಎಳೆಯುವ ಕೆಲವು ಕಂಪನಿ ಇನ್‌ಹೇಲರ್‌ಗಳಿಗೆ ಇಲ್ಲಿ ನೂರರ ಲೆಕ್ಕ, ಅಲ್ಲೂ ನೂರರ ಲೆಕ್ಕವೇ. ಇಲ್ಲಿ ರೂಪಾಯಿ, ಅಲ್ಲಿ ಡಾಲರ್, ಅಷ್ಟೇ ವ್ಯತ್ಯಾಸ. ವಿಮೆ ಇದ್ದರೂ ಬಹಳ ಜನ ವರ್ಷದ ಆರಂಭದಲ್ಲಿ ಒಂದಷ್ಟು ಸಾವಿರ ಡಾಲರ್ ಕೈಯಿಂದಲೇ ಹಾಕಬೇಕು, ಆಮೇಲೆ ವಿಮೆಯವರು ಬಾಗಿಲು ತೆಗೆಯುತ್ತಾರೆ. ಕೂಗು ಜೋರಾದ ಮೇಲೆ 2024ರಲ್ಲಿ ಕೆಲವು ದೊಡ್ಡ ಕಂಪನಿಗಳು ತಮ್ಮ ಇನ್‌ಹೇಲರ್‌ಗೆ ರೋಗಿ ಕೈಯಿಂದ ಕೊಡುವ ಹಣ ತಿಂಗಳಿಗೆ 35 ಡಾಲರ್ ಮೀರದಂತೆ ಮಾಡಿದವು. ಅಲ್ಲಿಯವರೆಗೆ ಎಷ್ಟು ವರ್ಷ, ಎಷ್ಟು ಜನರ ಎದೆ ಗೊರಗೊರ ಅಂದಿರಬೇಡ!

ಬಸ್ಸು ಮಾಡಿಕೊಂಡು ಪರದೇಶಕ್ಕೆ

ನಮ್ಮ ಜನ ಬಸ್ಸು ಮಾಡಿಕೊಂಡು ಧರ್ಮಸ್ಥಳಕ್ಕೆ, ಮಂತ್ರಾಲಯಕ್ಕೆ ಹೋಗುತ್ತಾರೆ. ಅಮೆರಿಕದ ಮುದುಕರು ಬಸ್ಸು ಮಾಡಿಕೊಂಡು ಪಕ್ಕದ ಕೆನಡಾ ದೇಶಕ್ಕೆ ಮಾತ್ರೆ ತರಲು ಹೋಗಿದ್ದಾರೆ. ಇದು ಕಟ್ಟುಕಥೆ ಅಲ್ಲ. 1999ರಲ್ಲಿ ವರ್ಮಾಂಟ್ ರಾಜ್ಯದ ಸಂಸದ ಬರ್ನಿ ಸ್ಯಾಂಡರ್ಸ್ ಸ್ತನ ಕ್ಯಾನ್ಸರಿನ ಹೆಂಗಸರನ್ನು ತಾವೇ ಗಡಿ ದಾಟಿಸಿ ಕೆನಡಾಕ್ಕೆ ಕರೆದೊಯ್ದರು. ಊರಿನಲ್ಲಿ ಕೊಳ್ಳುತ್ತಿದ್ದ ಟ್ಯಾಮಾಕ್ಸಿಫೆನ್ ಮಾತ್ರೆ ಅಲ್ಲಿ ಹತ್ತನೇ ಒಂದು ಪಾಲಿನ ಬೆಲೆಗೆ ಸಿಕ್ಕಿತು. 20 ವರ್ಷ ಕಳೆದು, 2019ರ ಜುಲೈನಲ್ಲಿ, ಅದೇ ಮನುಷ್ಯ ಸಕ್ಕರೆ ಕಾಯಿಲೆಯವರ ತಂಡ ಕಟ್ಟಿಕೊಂಡು ಡೆಟ್ರಾಯಿಟ್‌ನಿಂದ ಗಡಿಯಾಚೆಯ ವಿಂಡ್ಸರ್ ಊರಿಗೆ ಹೋದರು. ಈ ಸಲ ಇನ್ಸುಲಿನ್. ದರದ ಅಂತರ ಮತ್ತೆ ಹತ್ತಕ್ಕೆ ಒಂದು.

ದಕ್ಷಿಣದ ಗಡಿಯಲ್ಲೂ ಅದೇ ಕಥೆ. ಮೆಕ್ಸಿಕೊ ದೇಶದ ಲಾಸ್ ಅಲ್ಗೊಡೋನೆಸ್ ಅನ್ನುವ ಪುಟ್ಟ ಊರು ನಿಂತಿರುವುದೇ ಅಮೆರಿಕದಿಂದ ನಡೆದು ಬರುವ ಗಿರಾಕಿಗಳ ಮೇಲೆ. ಹಲ್ಲಿನ ಡಾಕ್ಟರು, ಕನ್ನಡಕದ ಅಂಗಡಿ, ಮದ್ದಿನ ಅಂಗಡಿ, ಇವೇ ಅಲ್ಲಿನ ಪೇಟೆ. ಬೆಳಿಗ್ಗೆ ಬಂದು ಹಲ್ಲು ಕಟ್ಟಿಸಿಕೊಂಡು, ಮಾತ್ರೆ ಕಟ್ಟಿಸಿಕೊಂಡು, ಸಂಜೆಗೆ ವಾಪಸ್.

ಕಾನೂನು ಏನನ್ನುತ್ತದೆ? ಅಮೆರಿಕದ ಕಾಯ್ದೆ ಪ್ರಕಾರ ಹೀಗೆ ಹೊರಗಿನಿಂದ ಔಷಧಿ ತರುವುದು ಬಹುತೇಕ ತಪ್ಪೇ. ಆದರೆ ಸ್ವಂತಕ್ಕೆ ಅಂತ ಮೂರು ತಿಂಗಳಿಗೆ ಆಗುವಷ್ಟು ತಂದವರನ್ನು ಅಧಿಕಾರಿಗಳು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಕಣ್ಣು ಮುಚ್ಚಿಕೊಂಡು ಬಿಡುತ್ತಾರೆ. ಹಿಡಿದರೆ ಜೈಲಿಗೆ ಹಾಕಬೇಕಾದದ್ದು ಅಜ್ಜಿಯರನ್ನು ಎಂಬುದು ಅವರಿಗೂ ಗೊತ್ತು.

ಮಂಡಿಯ ಲೆಕ್ಕ

ಅದೇ ಕಂಪನಿ, ಅದೇ ಮಾತ್ರೆ. ಸೇತುವೆಯ ಈ ಕಡೆ ನೂರು, ಆ ಕಡೆ ಹತ್ತು ಹೇಗಾಯಿತು? ಇದು ಪಂಡಿತರ ಪ್ರಶ್ನೆ ಅಲ್ಲ, ನಮ್ಮ ಅಡಿಕೆ ಮಂಡಿಯವರಿಗೆ ಚೆನ್ನಾಗಿ ಅರ್ಥವಾಗುವ ಪ್ರಶ್ನೆ. ಬೆಳೆಗಾರ ಒಬ್ಬನೇ ಎರಡು ಮೂಟೆ ಹೊತ್ತುಕೊಂಡು ಹೋದರೆ ವ್ಯಾಪಾರಿ ಹೇಳಿದ್ದೇ ದರ. ಸಾವಿರಾರು ಜನ ಸೇರಿ ಸಹಕಾರ ಸಂಘ ಕಟ್ಟಿಕೊಂಡು ಕೂತರೆ ವ್ಯಾಪಾರಿಯೇ ಎದ್ದು ಬಂದು ಮಾತಾಡುತ್ತಾನೆ. ಔಷಧಿ ಕೊಳ್ಳುವವರ ಹಣೆಬರಹವೂ ಅದೇ.

ಕೆನಡಾದಲ್ಲಿ ಪೇಟೆಂಟ್ ಔಷಧಿಗಳ ದರ ಮಿತಿ ಮೀರದಂತೆ ನೋಡಲು 1987ರಿಂದ ಒಂದು ಮಂಡಳಿ ಇದೆ. ಪ್ರಾಂತಗಳ ಸರ್ಕಾರಗಳು ಒಟ್ಟಾಗಿ ಕೂತು ಚೌಕಾಸಿ ಮಾಡುತ್ತವೆ. ಅಮೆರಿಕದಲ್ಲಿ? ಅಲ್ಲಿ 2003ರಲ್ಲಿ ಒಂದು ಕಾಯ್ದೆ ಆಯಿತು. ವಯಸ್ಸಾದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಲ್ಲಿ ಮಾತ್ರೆ ಕೊಡಿಸುತ್ತೇವೆ ಅಂದರು, ಒಳ್ಳೆಯದು. ಆದರೆ ಅದೇ ಕಾಯ್ದೆಯಲ್ಲಿ, ಸರ್ಕಾರ ಕಂಪನಿಗಳ ಜೊತೆ ದರದ ಚೌಕಾಸಿಗೆ ಇಳಿಯಕೂಡದು ಎಂದೂ ಬರೆದರು! ಕೋಟಿಗಟ್ಟಲೆ ಜನರ ಪರವಾಗಿ ಸಾಮಾನು ಕೊಳ್ಳುವ ಸಾಹುಕಾರನ ಬಾಯಿಗೆ ಬೀಗ ಹಾಕಿ ಪೇಟೆಗೆ ಕಳಿಸಿದ ಹಾಗೆ. ಆ ಬೀಗ ಸ್ವಲ್ಪ ಸಡಿಲವಾಗಲು 2022ರ ಹೊಸ ಕಾಯ್ದೆ ಬರಬೇಕಾಯಿತು. ಮೊದಲ ಹತ್ತು ಔಷಧಿಗಳ ಚೌಕಾಸಿ ದರ ಜಾರಿಗೆ ಬಂದದ್ದು 2026ರ ಜನವರಿಯಲ್ಲಿ.

ಅಮೆರಿಕದಲ್ಲಿ ಎಲ್ಲ ಮಾತ್ರೆಯೂ ದುಬಾರಿ ಅಂತ ತಿಳಿಯಬಾರದು. ಅಲ್ಲಿನ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2022ರ ದರಗಳನ್ನು ಬೇರೆ 33 ದೇಶಗಳ ಜೊತೆ ತಾಳೆ ಹಾಕಿತು. ಎಲ್ಲ ಔಷಧಿ ಸೇರಿಸಿ ನೋಡಿದರೆ ಅಮೆರಿಕದ ದರ ಎರಡೂಮುಕ್ಕಾಲು ಪಟ್ಟು. ಕಂಪನಿ ಹೆಸರಿನ ಔಷಧಿ ಮಾತ್ರ ತೆಗೆದುಕೊಂಡರೆ ನಾಲ್ಕು ಪಟ್ಟಿಗೂ ಮೇಲೆ. ಆದರೆ ಪೇಟೆಂಟ್ ಮುಗಿದು ಯಾರು ಬೇಕಾದರೂ ಮಾಡಬಹುದಾದ ಜೆನರಿಕ್ ಮಾತ್ರೆಗಳು ಅಲ್ಲಿ ಬೇರೆ ದೇಶಗಳಿಗಿಂತ ಅಗ್ಗ! ಈ ಒಂದು ಲೆಕ್ಕವೇ ಗುಟ್ಟು ಬಿಚ್ಚಿಡುತ್ತದೆ. ನಾಲ್ಕು ಜನ ಮಾಡಿ ಮಾರುವ ಮಾತ್ರೆ ಅಗ್ಗ, ಒಬ್ಬನೇ ಮಾಡಿ ಮಾರುವ ಮಾತ್ರೆ ತುಟ್ಟಿ. ಬೆಲೆ ಮಾತ್ರೆಯ ಪುಡಿಯಲ್ಲಿಲ್ಲ, ಕಾಯ್ದೆಯ ಕಾಗದದಲ್ಲಿದೆ.

ಒಂದು ಡಾಲರ್ ಕಥೆ

ಇನ್ಸುಲಿನ್ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಅದನ್ನು ಕಂಡುಹಿಡಿದದ್ದು 1921ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಇದು ಜಗತ್ತಿಗೆ ಸೇರಿದ್ದು, ಯಾರೂ ಇದರಲ್ಲಿ ದುಡ್ಡು ಬಾಚಬಾರದು ಎಂದು ಬ್ಯಾಂಟಿಂಗ್ ಮತ್ತು ಜೊತೆಗಾರರು ಪೇಟೆಂಟನ್ನು 1923ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಂದು ಡಾಲರ್ ನಾಮಮಾತ್ರ ಬೆಲೆಗೆ ಬರೆದುಕೊಟ್ಟರು. ಮುಂದೇನಾಯಿತು? ಕಂಪನಿಗಳು ಹೊಸ ಹೊಸ ಬಗೆಯ ಇನ್ಸುಲಿನ್ ತಂದವು, ಹೊಸ ಹೊಸ ಪೇಟೆಂಟ್ ತಂದವು. ಅಮೆರಿಕದಲ್ಲಿ 1996ರಲ್ಲಿ 21 ಡಾಲರ್‌ಗೆ ಪೇಟೆಗೆ ಬಂದ ಒಂದು ಹೆಸರಾಂತ ಇನ್ಸುಲಿನ್ ಸೀಸೆ ಸುಮಾರು 20 ವರ್ಷಕ್ಕೆ 250 ಡಾಲರ್ ದಾಟಿತು. ಸೀಸೆ ಅದೇ, ಮದ್ದು ಅದೇ.

ದುಡ್ಡು ಸಾಲದೆ ಜನ ಅಳತೆ ತಪ್ಪಿಸಿ ಚುಚ್ಚಿಕೊಂಡರು. ಇವತ್ತು ಅರ್ಧ, ನಾಳೆ ಕಾಲು. ಹಾಗೆ ಉಳಿತಾಯ ಮಾಡಲು ಹೋಗಿ ಪ್ರಾಣ ಬಿಟ್ಟ ಎಳೆಯರೂ ಇದ್ದಾರೆ. ಗದ್ದಲ ಮುಗಿಲು ಮುಟ್ಟಿದ ಮೇಲೆ 2023ರ ಜನವರಿಯಿಂದ ಮೆಡಿಕೇರ್‌ನ ವೃದ್ಧರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರಬಾರದು ಎಂದಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ ದೊಡ್ಡ ತಯಾರಕ ಕಂಪನಿಯೊಂದು ತನ್ನ ಮುಖ್ಯ ಇನ್ಸುಲಿನ್‌ಗಳ ದರವನ್ನು ನೂರಕ್ಕೆ 70ರಷ್ಟು ಇಳಿಸುವುದಾಗಿ ಸಾರಿತು. ಒಂದೇ ಏಟಿಗೆ 70 ಇಳಿಸಬಹುದಿದ್ದರೆ ಅಷ್ಟು ವರ್ಷ ಏರಿಸಿದ್ದು ಯಾಕೆ ಅಂತ ಕೇಳುವವರು ಯಾರು?

ಚೀನಾದ ವ್ಯಾಪಾರಿ

ಹೀಗೆ ಗಡಿಯಾಚೆ ಕೈಚಾಚಿದವರು ಅಮೆರಿಕದವರು ಮಾತ್ರ ಅಲ್ಲ. ಚೀನಾದ ವೂಶಿ ಊರಿನ ಬಟ್ಟೆ ವ್ಯಾಪಾರಿ ಲು ಯೊಂಗ್ ಎಂಬವರಿಗೆ 2002ರಲ್ಲಿ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಗ್ಲಿವೆಕ್ ಎಂಬ ಮಾತ್ರೆ ಬೇಕು, ತಿಂಗಳಿಗೆ 23 ಸಾವಿರ ಯುವಾನ್‌ಗೂ ಹೆಚ್ಚು. ಎರಡು ವರ್ಷದಲ್ಲಿ ಗಲ್ಲಾಪೆಟ್ಟಿಗೆ ಖಾಲಿ. 2004ರಲ್ಲಿ ಅವರಿಗೆ ಇನ್ನೊಂದು ಸುದ್ದಿ ಸಿಕ್ಕಿತು. ಅದೇ ಮದ್ದನ್ನು ಭಾರತದ ಕಂಪನಿ ಮಾಡುತ್ತದೆ, ದರ ಸುಮಾರು 4 ಸಾವಿರ. ತರಿಸಿ ನುಂಗಿದರು, ಗುಣ ಕಂಡರು. ಜೊತೆಯ ರೋಗಿಗಳಿಗೂ ತರಿಸಿಕೊಟ್ಟರು. ಕೊಳ್ಳುವವರು ಹೆಚ್ಚಿದ ಹಾಗೆ ದರ ಇನ್ನೂ ಇಳಿಯಿತು.

ಆಮೇಲೆ ಪೊಲೀಸರು ಬಂದರು. ಚೀನಾ ಸರ್ಕಾರದ ಒಪ್ಪಿಗೆ ಇಲ್ಲದೆ ಹೊರಗಿನಿಂದ ಬಂದ ಮದ್ದು ಆಗಿನ ಕಾಯ್ದೆ ಪ್ರಕಾರ "ನಕಲಿ ಔಷಧಿ". ಕೇಸು ಹಾಕಿದರು, ಬಂಧಿಸಿದರು. ನೂರಾರು ರೋಗಿಗಳು ಇವರ ಪರವಾಗಿ ಸಹಿ ಹಾಕಿ ಬರೆದರು. 2015ರ ಜನವರಿಯಲ್ಲಿ ಸರ್ಕಾರಿ ವಕೀಲರೇ ಕೇಸು ವಾಪಸ್ ತೆಗೆದುಕೊಂಡರು. 2018ರಲ್ಲಿ ಈ ಕಥೆ ಸಿನಿಮಾ ಆಗಿ ದೇಶಕ್ಕೆ ದೇಶವೇ ಅತ್ತಿತು. 2019ರಲ್ಲಿ ಕಾಯ್ದೆ ಬದಲಾಗಿ, ಒಪ್ಪಿಗೆ ಇಲ್ಲ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಮದ್ದನ್ನು ನಕಲಿ ಎನ್ನುವುದು ನಿಂತಿತು. ಒಬ್ಬ ವ್ಯಾಪಾರಿ ಲಾಭ ಇಡದೆ ಮಾಡಿದ ವ್ಯಾಪಾರ ಒಂದು ದೇಶದ ಕಾಯ್ದೆಯನ್ನು ತಿದ್ದಿತು.

ಇನ್ನೊಂದು ಉದಾಹರಣೆ ಕಾಮಾಲೆ ತರುವ ಹೆಪಟೈಟಿಸ್ ಸಿ ರೋಗದ್ದು. ಲಿವರ್ ತಿನ್ನುವ ಈ ರೋಗ ಪೂರ್ತಿ ವಾಸಿ ಮಾಡುವ ಸೋಫೋಸ್‌ಬುವಿರ್ ಮಾತ್ರೆ 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಪೇಟೆಗೆ ಬಂತು. ಒಂದು ಮಾತ್ರೆಗೆ 1,000 ಡಾಲರ್. 12 ವಾರದ ಚಿಕಿತ್ಸೆಗೆ 84,000 ಡಾಲರ್. ಆಗಿನ ಲೆಕ್ಕದಲ್ಲಿ 50 ಲಕ್ಷ ರೂಪಾಯಿಗೂ ಮೇಲೆ. 2015ರ ಮಾರ್ಚ್‌ನಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿ ಅದೇ ಮದ್ದಿನ 28 ಮಾತ್ರೆಯ ಡಬ್ಬಿಗೆ 19,900 ರೂಪಾಯಿ ದರ ಹಾಕಿತು. ಮೂರು ಡಬ್ಬಿ, 60 ಸಾವಿರದ ಒಳಗೆ ಕೆಲಸ ಮುಗಿಯಿತು. ಆಸ್ಟ್ರೇಲಿಯಾ, ಇಂಗ್ಲೆಂಡ್, ಅಮೆರಿಕದ ರೋಗಿಗಳು ಭಾರತಕ್ಕೆ ವಿಮಾನ ಹತ್ತಿದರು. ವಿಮಾನದ ಟಿಕೆಟ್ಟು, ಹೋಟೆಲು, ಮದ್ದು ಎಲ್ಲ ಸೇರಿದರೂ ಅವರ ಊರಿನ ಒಂದು ವಾರದ ಮಾತ್ರೆಯ ದುಡ್ಡು ಆಗುತ್ತಿರಲಿಲ್ಲ.

ಈ ಅಗ್ಗ ಆಕಾಶದಿಂದ ಬಿದ್ದದ್ದಲ್ಲ

ಇಷ್ಟು ಓದಿದ ಮೇಲೆ "ನಮ್ಮಲ್ಲಿ ಎಲ್ಲ ಅಗ್ಗ ಬಿಡಿ" ಅಂತ ಮೀಸೆ ತಿರುವುವವರು ಸ್ವಲ್ಪ ಹಿಂದಿನದನ್ನೂ ಕೇಳಬೇಕು. ಒಂದು ಕಾಲದಲ್ಲಿ ನಾವೇ ತುಟ್ಟಿಯ ಸಾಲಿನಲ್ಲಿದ್ದೆವು. ಬ್ರಿಟಿಷರ 1911ರ ಪೇಟೆಂಟ್ ಕಾಯ್ದೆ ಸ್ವಾತಂತ್ರ್ಯದ ನಂತರವೂ ನಡೆಯುತ್ತಿತ್ತು. ಭಾರತದ ಪೇಟೆಂಟ್‌ಗಳಲ್ಲಿ ನೂರಕ್ಕೆ 80-90 ಪರದೇಶದವರ ಕೈಯಲ್ಲಿವೆ, ಬಹುಪಾಲು ಇಲ್ಲಿ ಬಳಕೆಗೇ ಬಂದಿಲ್ಲ ಎಂದು ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರ ವರದಿಯಲ್ಲಿ ಬರೆದರು. ಬಡದೇಶ ಭಾರತದಲ್ಲಿ ಔಷಧಿ ದರ ಜಗತ್ತಿನ ಅತಿ ಹೆಚ್ಚು ದರಗಳ ಸಾಲಿನಲ್ಲಿದೆ ಎಂದು ಹೇಳಿದ್ದು ಯಾರು ಗೊತ್ತೇ? ಅಮೆರಿಕದ ಸೆನೆಟ್‌ನ ಕೆಫಾವರ್ ಸಮಿತಿ!

ಅಯ್ಯಂಗಾರರ ವರದಿ ಹಿಡಿದು 1970ರಲ್ಲಿ ಹೊಸ ಪೇಟೆಂಟ್ ಕಾಯ್ದೆ ಆಯಿತು. 1972ರ ಏಪ್ರಿಲ್‌ನಿಂದ ಜಾರಿ. ಅದರ ಸಾರ ಇಷ್ಟೇ: ಮದ್ದಿಗೆ ಪೇಟೆಂಟ್ ಇಲ್ಲ, ಮದ್ದು ಮಾಡುವ ವಿಧಾನಕ್ಕೆ ಮಾತ್ರ ಪೇಟೆಂಟ್, ಅದೂ ಕೆಲವೇ ವರ್ಷ. ಹೋಳಿಗೆಗೆ ಯಾರೂ ಹಕ್ಕು ಹೇಳುವ ಹಾಗಿಲ್ಲ, ನಿನ್ನ ಮನೆಯ ಹೋಳಿಗೆ ಮಾಡುವ ರೀತಿ ಮಾತ್ರ ನಿನ್ನದು ಅಂದ ಹಾಗೆ. ನಮ್ಮ ಕಂಪನಿಗಳು ಬೇರೆ ಬೇರೆ ರೀತಿ ಹುಡುಕಿದವು, ಪೈಪೋಟಿ ಬಂತು, ದರ ಇಳಿಯಿತು. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ಏಡ್ಸ್ ರೋಗದ ಮೂರು ಮದ್ದುಗಳನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆ ಎಂದಾಗ ಶ್ರೀಮಂತ ದೇಶಗಳ ದರ 10 ಸಾವಿರ ಡಾಲರ್‌ಗೂ ಮೇಲಿತ್ತು. ಆಫ್ರಿಕಾದ ಲಕ್ಷಾಂತರ ಜನ ಉಳಿದದ್ದು ಇಂಥ ಗುಳಿಗೆಯಿಂದ.

2005ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ತಲೆಬಾಗಿ ಮದ್ದಿಗೂ ಪೇಟೆಂಟ್ ಕೊಡುವುದು ಮತ್ತೆ ಶುರುವಾಯಿತು. ಆದರೆ ಹಳೇ ಮದ್ದಿಗೆ ಸುಣ್ಣಬಣ್ಣ ಹೊಡೆದು ಹೊಸ ಪೇಟೆಂಟ್ ಕೇಳಬೇಡ ಎಂಬ 3(ಡಿ) ಕಲಮನ್ನು ಸಂಸತ್ತು ಸೇರಿಸಿತು. ಚೀನಾದ ವ್ಯಾಪಾರಿ ನುಂಗಿದ ಗ್ಲಿವೆಕ್‌ಗೆ ಇಲ್ಲಿ ಪೇಟೆಂಟ್ ಕೇಳಿ ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2013ರ ಏಪ್ರಿಲ್ 1ರಂದು ಸೋತದ್ದು ಈ ಕಲಮಿನಿಂದ. ತಿಂಗಳಿಗೆ ಲಕ್ಷ ದಾಟುವ ಮದ್ದು ಹತ್ತು ಸಾವಿರದ ಒಳಗೆ ಸಿಗುವುದು ಮುಂದುವರಿಯಿತು.

ನಮ್ಮವರೂ ಗಡಿ ನೋಡಿದವರೇ

ಆದರೆ ಪೇಟೆಂಟ್ ಗಟ್ಟಿಯಾಗಿರುವ ಹೊಸ ಮದ್ದಿನ ವಿಚಾರದಲ್ಲಿ ನಾವು ಅಮೆರಿಕದವರ ಪಕ್ಕದಲ್ಲೇ ನಿಂತಿದ್ದೇವೆ. ಮಕ್ಕಳ ಸ್ನಾಯು ಸೊರಗಿಸುವ ಎಸ್.ಎಂ.ಎ. ಎಂಬ ಅಪರೂಪದ ರೋಗ ಇದೆ. ಅದರ ಮದ್ದು ರಿಸ್ಡಿಪ್ಲಾಮ್. ಒಂದು ಬಾಟಲಿಗೆ ಸುಮಾರು 6.2 ಲಕ್ಷ ರೂಪಾಯಿ. ಪೂರ್ತಿ ಅಳತೆ ಕುಡಿಯುವ ರೋಗಿಗೆ ಒಂದು ಬಾಟಲಿ ಬರುವುದು 12 ದಿನ. ಯಾವ ಅಡಿಕೆ ತೋಟ ಮಾರಿದರೂ ಎಷ್ಟು ತಿಂಗಳು ನಡೆದೀತು? ಇದೇ ಮದ್ದು ಚೀನಾ, ಪಾಕಿಸ್ತಾನಗಳಲ್ಲಿ ಬಹಳ ಕಡಿಮೆ ದರಕ್ಕೆ ಸಿಗುತ್ತದೆ ಎಂದು ರೋಗಿಗಳ ಕಡೆಯವರು ಕೋರ್ಟಿನಲ್ಲಿ ಹೇಳಬೇಕಾಯಿತು. ಜಗತ್ತಿಗೆ ಮದ್ದು ಹಂಚುವ ದೇಶದ ತಾಯಂದಿರು ಪಾಕಿಸ್ತಾನದ ದರಪಟ್ಟಿ ಹಿಡಿದು ನಿಲ್ಲುವ ಕಾಲ ಬಂತು. ಕೊನೆಗೆ 2025ರಲ್ಲಿ ದೆಹಲಿ ಹೈಕೋರ್ಟ್ ನ್ಯಾಟ್ಕೊ ಕಂಪನಿಯನ್ನು ತಡೆಯಲು ಒಪ್ಪಲಿಲ್ಲ, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೂ ಮಧ್ಯೆ ಬರಲಿಲ್ಲ. ಕೂಡಲೇ ಬಾಟಲಿಯ ದರ 15,900 ರೂಪಾಯಿ! ಆರು ಲಕ್ಷ ಎಲ್ಲಿ, ಹದಿನಾರು ಸಾವಿರ ಎಲ್ಲಿ.

ಕ್ಯಾನ್ಸರ್ ರೋಗಿಗಳ ಕೆಲವರು ಬಾಂಗ್ಲಾದೇಶದ ಮಾತ್ರೆ ಹುಡುಕುತ್ತಾರೆ. ತೀರಾ ಹಿಂದುಳಿದ ದೇಶಗಳ ಪಟ್ಟಿಯಲ್ಲಿದ್ದುದರಿಂದ ಆ ದೇಶಕ್ಕೆ ಔಷಧಿ ಪೇಟೆಂಟಿನ ಕಟ್ಟುಪಾಡು ಇರಲಿಲ್ಲ, ಹೊಸ ಮದ್ದನ್ನೂ ಅಲ್ಲಿ ಅಗ್ಗವಾಗಿ ಮಾಡಿದರು. ಸರಿಯಾದ ದಾರಿಯಲ್ಲಿ ತರಿಸಬೇಕಾದರೆ ನಮ್ಮ ಕಾನೂನಿನಲ್ಲಿ ಅವಕಾಶ ಉಂಟು. ಡಾಕ್ಟರ ಚೀಟಿ ಜೋಡಿಸಿ, ಸ್ವಂತ ಬಳಕೆಗೆ ಎಂದು 12-ಎ ಫಾರಂನಲ್ಲಿ ಕೇಂದ್ರ ಔಷಧ ನಿಯಂತ್ರಣ ಇಲಾಖೆಗೆ ಅರ್ಜಿ ಹಾಕಿದರೆ ಪರವಾನಗಿ ಕೊಡುತ್ತಾರೆ. ಆದರೆ ಈ ಫಾರಂ ಹೆಸರು ಎಷ್ಟು ಮನೆಗೆ ಗೊತ್ತು? ಗೊತ್ತಿಲ್ಲದವರು ದಲ್ಲಾಳಿ ಕೈಗೆ ಬೀಳುತ್ತಾರೆ.

ಕಳ್ಳದಾರಿಯಲ್ಲಿ ಕಲಬೆರಕೆ

ದಲ್ಲಾಳಿ ದಾರಿ ಅಪಾಯದ ದಾರಿ. ಕೆನಡಾದಿಂದ ಅಂಚೆಯಲ್ಲಿ ಮದ್ದು ಕಳಿಸುತ್ತಿದ್ದ ಒಂದು ದೊಡ್ಡ ಕಂಪನಿಯ ಮೂಲಕ ಅಮೆರಿಕಕ್ಕೆ ನಕಲಿ ಕ್ಯಾನ್ಸರ್ ಮದ್ದು ಹೋಗಿ, 2018ರಲ್ಲಿ ಕಂಪನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಮೆಕ್ಸಿಕೊ ಗಡಿಯ ಕೆಲವು ಅಂಗಡಿಗಳು ನೋವಿನ ಮಾತ್ರೆ ಎಂದು ಮಾರಿದ್ದರಲ್ಲಿ ಫೆಂಟನಿಲ್ ಎಂಬ ಕೊಲ್ಲುವ ಅಮಲು ಮದ್ದು ಇದ್ದದ್ದು 2023ರಲ್ಲಿ ಪರೀಕ್ಷೆಯಿಂದ ಬಯಲಾಯಿತು.

ನಮ್ಮ ಮನೆಯೂ ಚೊಕ್ಕಟವಾಗಿಲ್ಲ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಸತ್ತಾಗ ಬೆರಳು ತೋರಿಸಿದ್ದು ಭಾರತದಲ್ಲಿ ಮಾಡಿದ ಸಿರಪ್ ಕಡೆಗೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಸತ್ತರು. ತಮಿಳುನಾಡಿನಲ್ಲಿ ತಯಾರಾದ ಆ ಸಿರಪ್‌ನಲ್ಲಿ ನೂರಕ್ಕೆ 48ರಷ್ಟು ವಿಷದ ದ್ರಾವಣ ಇತ್ತು. ಅಗ್ಗದ ಮದ್ದು ಬೇಕು, ನಿಜ. ಅಗ್ಗ ಅಂತ ಪರೀಕ್ಷೆಯನ್ನೇ ಬಿಟ್ಟರೆ ಅದು ಮದ್ದಲ್ಲ.

ಗಡಿ ದಾಟುವುದಕ್ಕೆ ಇನ್ನೊಂದು ತೊಡಕೂ ಇದೆ. ಕೆನಡಾದ ಜನ ಸುಮಾರು 4 ಕೋಟಿ, ಅಮೆರಿಕದವರು 33 ಕೋಟಿಗೂ ಮೇಲೆ. ಪಕ್ಕದ ಜಿಲ್ಲೆಯವರೆಲ್ಲ ಬಂದು ನಮ್ಮೂರ ಸೊಸೈಟಿಯ ಅಕ್ಕಿ ಕೊಂಡರೆ ನಮಗೇನು ಉಳಿದೀತು? ಅದಕ್ಕೇ 2020ರ ನವೆಂಬರ್‌ನಲ್ಲಿ ಕೆನಡಾ ಸರ್ಕಾರ, ಇಲ್ಲಿ ಕೊರತೆ ಆಗುವ ಹಾಗಿದ್ದರೆ ಮದ್ದು ಹೊರಗೆ ಕಳಿಸಕೂಡದು ಎಂದು ಆಜ್ಞೆ ಮಾಡಿತು. ಗಡಿ ದಾಟುವುದು ಒಬ್ಬಿಬ್ಬರ ಕಷ್ಟಕ್ಕೆ ದಾರಿ, ದೇಶದ ಕಾಯಿಲೆಗೆ ಮದ್ದಲ್ಲ.

ಮತ್ತೆ ದುರ್ಗಿಗುಡಿಗೆ

ಮೇಷ್ಟ್ರ ಹಿಂದೆ ಸಾಲಿನಲ್ಲಿ ನಿಂತಿದ್ದ ಸಾಗರದ ಹೆಂಗಸಿನ ಚೀಟಿಯನ್ನೂ ನೋಡೋಣ. ಮೂರು ಮಾತ್ರೆ, ಮೂರಕ್ಕೂ ಕಂಪನಿ ಹೆಸರು. ಅದೇ ಸಾರದ ಮಾತ್ರೆ ನಾಲ್ಕು ಹೆಜ್ಜೆ ಆಚೆ ಜನೌಷಧಿ ಕೇಂದ್ರದಲ್ಲಿ ಅರ್ಧಕ್ಕೂ ಕಡಿಮೆ ದರಕ್ಕೆ ಇರಬಹುದು. ಅವರಿಗೆ ಹೇಳುವವರಿಲ್ಲ. ಡಾಕ್ಟರು ಜೆನರಿಕ್ ಹೆಸರನ್ನೇ ಬರೆಯಬೇಕು ಎಂದು 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಮಾಡಿತು, ವೈದ್ಯರ ಸಂಘಗಳು ಗುಡುಗಿದವು, ಅದೇ ತಿಂಗಳು ನಿಯಮವನ್ನು ತಡೆಹಿಡಿದರು. ತಿಂಗಳು ತುಂಬುವ ಮೊದಲೇ ತೊಟ್ಟಿಲಲ್ಲೇ ಮಲಗಿಸಿದರು. 2025ರ ಮೇನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರ ಮುಚ್ಚಿಸಲು ಹೊರಟಿತು. ಆಸ್ಪತ್ರೆಯಲ್ಲೇ ಪುಕ್ಕಟೆ ಮದ್ದು ಕೊಡುವಾಗ ಅಂಗಡಿ ಯಾಕೆ ಎಂಬುದು ಸರ್ಕಾರದ ಮಾತು. ಮಾತೇನೋ ಸರಿ. ಆದರೆ ಪುಕ್ಕಟೆ ಮದ್ದಿನ ಕಿಟಕಿಯಲ್ಲಿ "ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಅಂದ ದಿನ ಬಡವ ಎಲ್ಲಿಗೆ ಹೋಗಬೇಕು? ವಿಷಯ ಹೈಕೋರ್ಟ್ ಮೆಟ್ಟಿಲೇರಿತು.

ಮೆಡಿಕಲ್ ಸ್ಟೋರಿನವರನ್ನೇ ಕಳ್ಳರೆಂದು ಬೈಯುವುದು ಸುಲಭ, ಸರಿಯಲ್ಲ. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಮದ್ದಿಗೆ ಚಿಲ್ಲರೆ ಅಂಗಡಿಗೆ ಲೆಕ್ಕ ಹಾಕಿರುವುದು ನೂರಕ್ಕೆ 16. ಅದರಲ್ಲೇ ಬಾಡಿಗೆ, ಫ್ರಿಜ್ಜಿನ ಕರೆಂಟು, ಹುಡುಗರ ಸಂಬಳ, ಅವಧಿ ಮುಗಿದ ಮಾಲಿನ ತಲೆನೋವು. ಆದರೆ ಪಟ್ಟಿಯ ಹೊರಗಿನ ಮದ್ದಿಗೆ ಕಂಪನಿಗಳು ಮೊದಲ ದರ ತಮಗೆ ತೋಚಿದಂತೆ ಹಾಕಬಹುದು, ವರ್ಷಕ್ಕೆ ನೂರಕ್ಕೆ ಹತ್ತರವರೆಗೆ ಏರಿಸಲೂಬಹುದು. ಡಬ್ಬಿಯ ಮೇಲಿನ ದರಕ್ಕೂ ತಯಾರಿಕೆಯ ಖರ್ಚಿಗೂ ಸಂಬಂಧ ಕಡಿದು ಹೋಗುವುದು ಅಲ್ಲಿ. ಗದರಿಸಬೇಕಾದ್ದು ಅವರನ್ನು, ಕೌಂಟರಿನ ಹುಡುಗನನ್ನಲ್ಲ.

ಹಾಗಾದರೆ ಆಗಬೇಕಾದ್ದೇನು? ಡಾಕ್ಟರು ಚೀಟಿಯಲ್ಲಿ ಮದ್ದಿನ ಸಾರದ ಹೆಸರು ಬರೆಯಲಿ. ಮೆಗ್ಗಾನ್ ಆಸ್ಪತ್ರೆಯಿಂದ ಹಿಡಿದು ಹೋಬಳಿ ಆಸ್ಪತ್ರೆವರೆಗೆ ಇವತ್ತು ಯಾವ ಪುಕ್ಕಟೆ ಮದ್ದು ಇದೆ, ಯಾವುದು ಇಲ್ಲ ಎಂದು ಬಾಗಿಲಲ್ಲೇ ಹಲಗೆಯ ಮೇಲೆ ಬರೆದು ಹಾಕಲಿ. ಔಷಧ ನಿಯಂತ್ರಣ ಇಲಾಖೆ ಜೆನರಿಕ್ ಮಾತ್ರೆಯನ್ನೂ ಕಂಪನಿ ಮಾತ್ರೆಯನ್ನೂ ಒಂದೇ ತಕ್ಕಡಿಯಲ್ಲಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಲಿ, ಆಗ "ಅಗ್ಗದ್ದು ಕೆಲಸ ಮಾಡಲ್ಲ" ಎಂಬ ಅನುಮಾನವೂ ಹೋಗುತ್ತದೆ. ಅಪರೂಪದ ರೋಗದ ಮನೆಗೆ 12-ಎ ಫಾರಂ ತುಂಬಿಸಿಕೊಡಲು ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಒಬ್ಬ ಗುಮಾಸ್ತನಾದರೂ ಇರಲಿ.

ಎಲ್ಲಕ್ಕಿಂತ ಮುಖ್ಯ ದೆಹಲಿಯವರ ಕೆಲಸ. ವ್ಯಾಪಾರ ಒಪ್ಪಂದದ ಮೇಜಿಗೆ ಕೂತಾಗೆಲ್ಲ ಶ್ರೀಮಂತ ದೇಶಗಳು ಪೇಟೆಂಟ್ ಬಿಗಿ ಮಾಡಿ ಎನ್ನುತ್ತವೆ. 2025ರ ಜುಲೈನಲ್ಲಿ ಇಂಗ್ಲೆಂಡ್ ಜೊತೆ ಸಹಿ ಹಾಕಿದ ಒಪ್ಪಂದದಲ್ಲಿ, ಕಂಪನಿ ತಾನಾಗಿ ಒಪ್ಪಿ ಕೊಡುವ ಪರವಾನಗಿಯೇ ಒಳ್ಳೆಯ ದಾರಿ ಎಂಬ ಅರ್ಥದ ಮಾತು ಸೇರಿದೆ. 2012ರಲ್ಲಿ ಕಂಪನಿ ಒಪ್ಪದಿದ್ದಾಗ ಸರ್ಕಾರವೇ ಕಡ್ಡಾಯ ಪರವಾನಗಿ ಕೊಟ್ಟು, ತಿಂಗಳಿಗೆ 2.8 ಲಕ್ಷದ ಒಂದು ಕ್ಯಾನ್ಸರ್ ಮದ್ದನ್ನು ಒಂಬತ್ತು ಸಾವಿರದ ಒಳಗೆ ತಂದಿತ್ತು. ಅದಾದ ಮೇಲೆ ಹತ್ತು ವರ್ಷ ಕಳೆದರೂ ಆ ಕತ್ತಿಯನ್ನು ಒರೆಯಿಂದ ತೆಗೆಯಲಿಲ್ಲ. ತುಕ್ಕು ಹಿಡಿಯುವ ಮೊದಲು ಜನ ನೆನಪಿಸಬೇಕು.

ಮೇಷ್ಟ್ರು ದುಡ್ಡು ಎಣಿಸಿ ಕೊಟ್ಟು ಚೀಲ ಎತ್ತಿಕೊಂಡರು. ಮಗ ಮಾತ್ರೆಯನ್ನು ಪಟ್ಟಿಯಲ್ಲೇ ಇಟ್ಟು, ಇಂಗ್ಲಿಷಿನಲ್ಲಿ ಬರೆದ ಡಾಕ್ಟರ ಚೀಟಿ ಜೊತೆಗಿಟ್ಟುಕೊಂಡು, ಮೂರು ತಿಂಗಳ ಲೆಕ್ಕ ಮೀರದೆ ಒಯ್ದರೆ ಕ್ಷೇಮ. ನಿಮೆಸುಲೈಡ್‌ನಂಥ ನೋವಿನ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆಯೇ ಇಲ್ಲ, ನಿದ್ರೆ ಮಾತ್ರೆಗೆ ಬಿಗಿ ಕಾನೂನು, ಅವನ್ನು ಒಯ್ಯದಿದ್ದರೇ ಒಳ್ಳೆಯದು. ನ್ಯೂಜೆರ್ಸಿಯ ಮಗನಿಗೆ ಶಿವಮೊಗ್ಗದಲ್ಲಿ ಒಬ್ಬ ಅಪ್ಪ ಇದ್ದಾರೆ, ದುರ್ಗಿಗುಡಿ ಇದೆ. 1970ರ ಕಾಯ್ದೆಯ ಫಲವನ್ನು ನಾವು ಕೈಬಿಟ್ಟರೆ ನಾಳೆ ಸಾಗರದ ಹೆಂಗಸು ಯಾವ ದೇಶದ ಬಸ್ಸು ಹತ್ತಬೇಕು?

ಸಂಬಂಧಪಟ್ಟವರು ಹೇಳುವರೇ?